ಇದು ನಮ್ಮ ಕೆಂಪಲ್ಲ ಕಣಮ್ಮ

ನಾನು ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಫೋಟೊಗ್ರಾಫರ್. ಇಳಕಲ್ ಸೀರೆ, ಬಿದರಿ ಹೂದಾನಿ, ಚನ್ನಪಟ್ಟಣದ ಗೊಂಬೆ, ಇಂಥ ಕೈಕೆಲಸದ ವಸ್ತುಗಳನ್ನು ಆನ್‌ಲೈನಿನಲ್ಲಿ ಮಾರುವವರಿಗೆ ಫೋಟೊ ತೆಗೆದುಕೊಡುತ್ತೇವೆ. ಬೆಳಗ್ಗೆ ಲೈಟು ಹಾಕಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಒಂದೇ. ಬೂದು ಬಣ್ಣದ ಒಂದು ಕಾರ್ಡನ್ನು ವಸ್ತುವಿನ ಪಕ್ಕ ಇಟ್ಟು ಒಂದು ಫೋಟೊ ತೆಗೆಯುತ್ತೇನೆ. ಹೊಸದಾಗಿ ಸೇರಿದ ಹುಡುಗ ಮೊನ್ನೆ ಕೇಳಿದ, “ಅಕ್ಕಾ, ಇದನ್ನ ಒಂದಿನಾನೂ ಬಿಡಲ್ವಲ್ಲ, ಯಾಕೆ?” ಅವತ್ತು ಸೀರೆಗಳ ರಾಶಿ ಬಿದ್ದಿತ್ತು, ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಫೋಟೊಗ್ರಫಿ ಓದುವಾಗ ಎರಡನೇ ವರ್ಷ ನಮಗೆ ಒಂದು ದೊಡ್ಡ ಪ್ರಾಜೆಕ್ಟ್ ಇತ್ತು. ಯಾವುದಾದರೂ ಒಂದು ಕಸುಬು ಆರಿಸಿಕೊಳ್ಳಬೇಕು. ನಾಲ್ಕು ತಿಂಗಳು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಕೊನೆಗೆ 12 ಚಿತ್ರ ಪ್ರಿಂಟ್ ಹಾಕಿಸಿ ಗೋಡೆಗೆ ನೇತುಹಾಕಬೇಕು. ಅಂಕ ಸಿಗುವುದು ಗೋಡೆಯ ಮೇಲಿರುವುದಕ್ಕೆ ಮಾತ್ರ.

ಶುರುವಿನಲ್ಲಿ ನಮ್ಮ ಮೇಡಂ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ತೋರಿಸಿದರು. ಸತ್ಯನ್ ಮೈಸೂರಿನವರು, ಯುನಿಸೆಫ್‌ಗಾಗಿ ಮಕ್ಕಳ ಚಿತ್ರ ತೆಗೆದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಅವರ ಚಿತ್ರಗಳಲ್ಲಿರುವ ಜನ ಕ್ಯಾಮೆರಾ ಕಂಡು ಸೆಟೆದುಕೊಂಡಂತೆ ಕಾಣುವುದೇ ಇಲ್ಲ. “ಇದು ಲೆನ್ಸಿನಿಂದ ಬರೋದಲ್ಲ. ಕೂತು ಮಾತಾಡಿದ್ರೆ ಬರುತ್ತೆ” ಎಂದರು ಮೇಡಂ. ಅದಕ್ಕೇ ಮೊದಲ ಭೇಟಿಯಲ್ಲಿ ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು.

ನಾನು ಚನ್ನಪಟ್ಟಣ ಆರಿಸಿಕೊಂಡೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ರೈಲಿನಲ್ಲಿ ಹೋಗಿಬರಲು ಜಾಸ್ತಿ ಖರ್ಚಿಲ್ಲ. ಅಲ್ಲಿ ಒಂದು ಗಲ್ಲಿಯ ಕೊನೆಯಲ್ಲಿ ವಯಸ್ಸಾದ ಒಬ್ಬರ ಶೆಡ್ ಸಿಕ್ಕಿತು. ಅಕ್ಕಪಕ್ಕದ ಮಕ್ಕಳೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನ ಸುಮ್ನೆ ಕೂತು ನೋಡಿದೆ. ಒಣಗಿಸಿದ ಆಲೆ ಮರದ ತುಂಡನ್ನು ಲೇತ್‌ಗೆ, ಅಂದರೆ ಮರವನ್ನು ಗಿರಗಿರ ತಿರುಗಿಸುವ ಯಂತ್ರಕ್ಕೆ, ಕಚ್ಚಿಸುತ್ತಾರೆ. ಬಿಳಿ ಮರ, ಮೆದು. ಉಳಿ ಹಿಡಿದರೆ ಸಿಪ್ಪೆ ಸುರುಳಿಸುರುಳಿಯಾಗಿ ಹಾರುತ್ತದೆ. ಆಕಾರ ಬಂದ ಮೇಲೆ, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕುಂಚ ಇಲ್ಲ, ಒಲೆ ಇಲ್ಲ. ಆಮೇಲೆ ಒಂದು ತುಂಡು ತಾಳೆಗರಿ ಒತ್ತಿ ಹಿಡಿದರೆ ಮೈ ಗಾಜಿನಂತೆ ಹೊಳೆಯುತ್ತದೆ. ಆ ಕೆಂಪು ಮೊದಲ ಸಲ ಹೊಳೆದಿದ್ದನ್ನು ನೋಡಿದಾಗ ಕ್ಯಾಮೆರಾ ತೆಗೆಯದೆ ಕೂರುವುದು ನಿಜಕ್ಕೂ ಕಷ್ಟವಾಯಿತು.

ಎರಡನೇ ಭೇಟಿಯಲ್ಲಿ ಸಿಕ್ಕಾಪಟ್ಟೆ ಫೋಟೊ ತೆಗೆದೆ. ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತನ್ನು, 1/500 ಸೆಕೆಂಡಿಗೆ ಇಟ್ಟಿದ್ದೆ, ಯಾವುದೂ ಅಲುಗಾಡಬಾರದು ಅಂತ. ಮನೆಗೆ ಬಂದು ನೋಡಿದರೆ ಎಲ್ಲವೂ ಚೂಪಾಗಿದೆ, ಆದರೆ ಲೇತ್ ನಿಂತುಹೋಗಿದೆ! ತಿರುಗದೆ ನಿಂತ ಮರದ ಮೇಲೆ ಚಾಚಾ ಸುಮ್ಮನೆ ಕಡ್ಡಿ ಇಟ್ಟುಕೊಂಡು ಕೂತ ಹಾಗೆ ಕಾಣುತ್ತಿದ್ದರು. ಜತೆಗೆ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು. ನಮ್ಮ ದೇಶದ ಕರೆಂಟು 50 ಹರ್ಟ್ಜ್, ಹಾಗಾಗಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ವೇಗದ ಶಟರ್‌ಗೆ ಗೊತ್ತಾಗುತ್ತದೆ. 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಮುಂದಿನ ಸಲ ಕಿಟಕಿ ಬೆಳಕಿನಲ್ಲಿ 1/15ಕ್ಕೆ ತೆಗೆದೆ. ಮೊಣಕೈಗಳನ್ನು ಮೊಣಕಾಲಿಗೆ ಒತ್ತಿ, ಉಸಿರು ಹಿಡಿದು. ಹತ್ತರಲ್ಲಿ ಒಂಬತ್ತು ಹಾಳಾದವು. ಉಳಿದ ಒಂದರಲ್ಲಿ ಮರ ಮಂಜಿನಂತೆ ಸುತ್ತುತ್ತಿತ್ತು, ಅದರ ಮೇಲೆ ಚಾಚಾ ಕೈ ಕಲ್ಲಿನ ಹಾಗೆ ನಿಂತಿತ್ತು. ಅವರ ಕಸುಬು ಇರುವುದೇ ಆ ಅಲುಗದ ಕೈಯಲ್ಲಿ ಎಂದು ನನಗೆ ತಿಳಿದದ್ದು ಆ ಫೋಟೊ ನೋಡಿದ ಮೇಲೆ.

ನಾಲ್ಕು ತಿಂಗಳಿಗೆ ಸುಮಾರು 2000 ಫೋಟೊ ಆಯಿತು. ಅದರಲ್ಲಿ 12 ಆರಿಸುವುದು ತೆಗೆಯುವುದಕ್ಕಿಂತ ಕಷ್ಟ. ಮೇಡಂ ಕಂಪ್ಯೂಟರಿನಲ್ಲಿ ನೋಡಲು ಒಪ್ಪಲೇ ಇಲ್ಲ. 150 ಫೋಟೊಗಳನ್ನು 4×6 ಇಂಚಿನಲ್ಲಿ ಅಗ್ಗದ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿಸಿದರು. ನನಗೆ ಒಂದು ಫೋಟೊ ಮೇಲೆ ತುಂಬಾ ಪ್ರೀತಿ ಇತ್ತು. ಹೆಂಚಿನ ಸಂದಿಯಿಂದ ಬಿಸಿಲ ಕೋಲು ಇಳಿದಿದೆ, ಅದರಲ್ಲಿ ಮರದ ಧೂಳು ತೇಲುತ್ತಿದೆ. ಎಲ್ಲರೂ ಹೊಗಳಿದ್ದರು. ಮೇಡಂ ಅದನ್ನು ಎತ್ತಿ ಬೋರಲು ಹಾಕಿದರು. “ಚೆನ್ನಾಗಿದೆ. ಆದ್ರೆ ಇದು ಯಾವ ಶೆಡ್ಡಿನಲ್ಲಾದ್ರೂ ಸಿಗುತ್ತೆ ಅಲ್ವಾ? ಇಲ್ಲಿ ಗೊಂಬೆ ಎಲ್ಲಿದೆ?” ಅವತ್ತು ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ. ಈಗ ನಾನೇ ಬೇರೆಯವರ ಫೋಟೊ ಆರಿಸುವಾಗ ಅದೇ ಪ್ರಶ್ನೆ ಕೇಳುತ್ತೇನೆ.

ಆಮೇಲೆ ಪ್ರಿಂಟ್. ನನ್ನ ಕ್ಯಾಮೆರಾದ ಚಿತ್ರ 6000×4000 ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 20 ಇಂಚು ಅಗಲದ ಪ್ರಿಂಟ್ ಚೆನ್ನಾಗಿ ಬರುತ್ತದೆ. ಒಂದು ಫೋಟೊವನ್ನು ಅರ್ಧಕ್ಕರ್ಧ ಕತ್ತರಿಸಿದ್ದೆ, ಅದು ಅಷ್ಟೇ ಅಗಲಕ್ಕೆ ಹಿಗ್ಗಿದಾಗ ಮುಖವೆಲ್ಲ ಮಸುಕಾಯಿತು. ಅದಕ್ಕಿಂತ ದೊಡ್ಡ ಏಟು ಬೇರೆ ಇತ್ತು. ಹಾಸ್ಟೆಲ್ ಕೋಣೆಯ ಲೈಟು ಆರಿಸಿ, ಲ್ಯಾಪ್‌ಟಾಪಿನ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ತಿದ್ದಿದ್ದೆ. ಪರದೆಯಲ್ಲಿ ಬೆಳ್ಳಗೆ ಕಂಡದ್ದೆಲ್ಲ ಕಾಗದದಲ್ಲಿ ಕತ್ತಲಾಗಿ ಬಂತು. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕಿನಲ್ಲೇ ಅದು ಕಾಣಬೇಕು. ಮೊದಲೇ ಒಂದು ಸಣ್ಣ ತುಂಡು ಪ್ರಿಂಟ್ ಹಾಕಿಸಿ ನೋಡಿದ್ದರೆ ಅಷ್ಟೂ ದುಡ್ಡು ಉಳಿಯುತ್ತಿತ್ತು. ಎರಡನೇ ಸಲ ಹಾಕಿಸಲು ಅಮ್ಮನ ಹತ್ತಿರ ಕೇಳಬೇಕಾಯಿತು.

ಮೊದಲ ಪ್ರದರ್ಶನ ಕಾಲೇಜಿನ ಹಜಾರದಲ್ಲಿ. ಚಿತ್ರದ ನಡುಭಾಗ ನೆಲದಿಂದ 57 ಇಂಚು ಎತ್ತರದಲ್ಲಿರಬೇಕು, ನಿಂತು ನೋಡುವವರ ಕಣ್ಣಿನ ಮಟ್ಟಕ್ಕೆ. ಟೇಪು ಹಿಡಿದು ಒಂದೊಂದನ್ನೂ ಅಳೆದು ಹಾಕಿದೆವು. ಎದುರಿನ ಕಿಟಕಿಯ ಪ್ರತಿಬಿಂಬ ಫ್ರೇಮಿನ ಗಾಜಿನಲ್ಲಿ ಬೀಳುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಬೆಳಗ್ಗೆ ಹತ್ತು ಗಂಟೆಗೆ ಗಾಜುಗಳನ್ನೆಲ್ಲ ಬಿಚ್ಚಿದೆವು.

ಚಾಚಾ ಬರುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಮೊಮ್ಮಗಳ ಜತೆ ರೈಲಿನಲ್ಲಿ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಒಂದೊಂದು ಚಿತ್ರದ ಮುಂದೂ ನಿಂತರು. ಕೆಂಪು ಬುಗುರಿಯ ಚಿತ್ರದ ಹತ್ತಿರ ತುಂಬಾ ಹೊತ್ತು ನಿಂತರು. ಆಮೇಲೆ ನಿಧಾನವಾಗಿ ಹೇಳಿದರು, “ಇದು ನಮ್ಮ ಕೆಂಪಲ್ಲ ಕಣಮ್ಮ.”

ಜೇಬಿನಿಂದ ಒಂದು ಬುಗುರಿ ತೆಗೆದು ಚಿತ್ರದ ಪಕ್ಕ ಹಿಡಿದರು. ನನ್ನ ಚಿತ್ರದಲ್ಲಿ ಅದು ಇಟ್ಟಿಗೆಯ ಬಣ್ಣ, ಸ್ವಲ್ಪ ಕಂದು. ಅವರ ಕೈಯಲ್ಲಿದ್ದದ್ದು ಕುಂಕುಮದ ಹಾಗೆ ಉರಿಯುತ್ತಿತ್ತು. ಒಂದು ಕಡೆ ಟ್ಯೂಬ್‌ಲೈಟಿನ ಹಸಿರು, ಇನ್ನೊಂದು ಕಡೆ ಕಿಟಕಿಯ ನೀಲಿ, ಎರಡೂ ಬೆರೆತ ಜಾಗದಲ್ಲಿ ತೆಗೆದಿದ್ದೆ. ಕ್ಯಾಮೆರಾ ತನಗೆ ತೋಚಿದ ಹಾಗೆ ಬಣ್ಣ ಕಟ್ಟಿತ್ತು. ನಾನು ನೆನಪಿನಿಂದ ತಿದ್ದಿದ್ದೆ. “ಅರಗು ಬಿಸಿ ಮಾಡಿ, ಬಣ್ಣ ಸೇರಿಸಿ, ಎಳೆದು ಎಳೆದು ನಾದ್ತೀವಿ. ಒಂದು ಚೂರು ಹೆಚ್ಚು ಕಮ್ಮಿ ಆದ್ರೆ ಕೆಂಪು ಸತ್ತೋಗುತ್ತೆ” ಎಂದರು ಚಾಚಾ. ಬೈಯಲಿಲ್ಲ. ತಮ್ಮ ಕೆಲಸದ ವಿಷಯ ಹೇಳಿದರು, ಅಷ್ಟೇ.

ಇನ್ನೊಂದು ಮಾತನ್ನು ಅವರ ಮೊಮ್ಮಗಳು ಕೇಳಿದಳು. ಚಿತ್ರದ ಕೆಳಗಿನ ಚೀಟಿಯಲ್ಲಿ ‘ಗೊಂಬೆ ಕುಶಲಕರ್ಮಿ, ಚನ್ನಪಟ್ಟಣ’ ಎಂದಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. “ದಾದಾ ಹೆಸರು ಎಲ್ಲಿದೆ ಅಕ್ಕಾ?” ಎಂದಳು. ನಾಲ್ಕು ತಿಂಗಳು ಅವರ ಮನೆಯ ಚಹಾ ಕುಡಿದಿದ್ದೆ. ಅವತ್ತು ಮಧ್ಯಾಹ್ನವೇ 12 ಚೀಟಿಗಳನ್ನೂ ಕೈಯಲ್ಲಿ ಬರೆದು ಬದಲಾಯಿಸಿದೆ. ಹೆಸರು ಹಾಕಲೇ ಎಂದು ಅವರನ್ನೇ ಕೇಳಿ, ಅವರು ಹೇಳಿದ ಕಾಗುಣಿತದಲ್ಲೇ ಬರೆದೆ. ಇವತ್ತಿಗೂ ನಮ್ಮ ಸ್ಟುಡಿಯೋಗೆ ಸೀರೆ ಬಂದರೆ ನೇಯ್ದವರ ಹೆಸರು ಕೇಳುತ್ತೇನೆ. ಕೆಲವು ಗ್ರಾಹಕರಿಗೆ ಅದು ಬೇಡದ ಕೆಲಸ ಅನಿಸುತ್ತದೆ. ನಾನು ಕೇಳುವುದನ್ನು ನಿಲ್ಲಿಸಿಲ್ಲ, ಗೊತ್ತಾದಾಗ ಫೋಟೊದ ಫೈಲಿನಲ್ಲೇ ಸೇರಿಸುತ್ತೇನೆ.

ಬೂದು ಕಾರ್ಡು ಬಂದದ್ದು ಅದರ ಮುಂದಿನ ವಾರ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಬೆಳಕು ಮಾತ್ರ ಇಟ್ಟುಕೊಂಡು, ಬುಗುರಿಯ ಪಕ್ಕ ಕಾರ್ಡು ಇಟ್ಟು ಮತ್ತೆ ತೆಗೆದೆ. ಕಾರ್ಡಿನ ಬೂದಿನಲ್ಲಿ ಬೇರೆ ಯಾವ ಬಣ್ಣದ ಛಾಯೆಯೂ ಇಲ್ಲ. ಅದು ಫೋಟೊದಲ್ಲಿ ಹಸಿರಾಗಿ ಕಂಡರೆ ಬೆಳಕಿನಲ್ಲಿ ಹಸಿರಿದೆ ಎಂದು ಅರ್ಥ. ಅಷ್ಟನ್ನು ಕಳೆದರೆ ಉಳಿದ ಬಣ್ಣಗಳೂ ಸರಿಯಾಗುತ್ತವೆ. ತಿದ್ದುವಾಗ ಚಾಚಾ ಕೊಟ್ಟ ಬುಗುರಿ ಮೇಜಿನ ಮೇಲೇ ಇತ್ತು. ಆದರೂ ಪ್ರಿಂಟ್ ಮೂರು ಸಲ ಆಯಿತು. ಹೊಳೆಯುವ ಕಾಗದದಲ್ಲಿ ಆ ಕೆಂಪು ಹತ್ತಿರ ಬಂತು, ಮ್ಯಾಟ್ ಕಾಗದದಲ್ಲಿ ಬರಲೇ ಇಲ್ಲ. ಅರಗಿನ ಹೊಳಪಿಗೂ ಅದರ ಬಣ್ಣಕ್ಕೂ ಅಷ್ಟು ನಂಟಿದೆ. ಇವತ್ತು ಒಂದು ಸೀರೆ “ಫೋಟೊದಲ್ಲಿ ಬೇರೆ ಬಣ್ಣ ಇತ್ತು” ಎಂದು ವಾಪಸ್ ಬಂದರೆ ನಷ್ಟ ನೇಯ್ದವರ ತನಕ ಹೋಗುತ್ತದೆ. ಆ ಹುಡುಗನಿಗೆ ನಾನು ಹೇಳಬೇಕಿದ್ದದ್ದು ಇಷ್ಟು.

ಎರಡನೇ ಪ್ರದರ್ಶನವನ್ನು ಚನ್ನಪಟ್ಟಣದಲ್ಲೇ ಮಾಡಿದೆವು, ಚಾಚಾ ಗಲ್ಲಿಯಲ್ಲಿ. ಕಾಲೇಜಿನ ಲೆಕ್ಕಕ್ಕೆ ಅದು ಬೇಕಿರಲಿಲ್ಲ, ಅಂಕವೂ ಇರಲಿಲ್ಲ. ಫ್ರೇಮು, ಗಾಜು ಏನೂ ಇಲ್ಲ. ಎರಡು ಮನೆಗಳ ನಡುವೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಸಣ್ಣ ಪ್ರಿಂಟುಗಳನ್ನು ಸಿಕ್ಕಿಸಿದೆವು. 57 ಇಂಚಿನ ಲೆಕ್ಕ ಇಲ್ಲಿ ನಡೆಯಲಿಲ್ಲ. ನೋಡುವವರಲ್ಲಿ ಅರ್ಧ ಮಕ್ಕಳು, ಇನ್ನು ಕೆಲವರು ಜಗಲಿಯಲ್ಲಿ ಕೂತೇ ನೋಡುತ್ತಿದ್ದ ಅಜ್ಜಿಯರು. ಹಗ್ಗವನ್ನು ಎರಡು ಸಲ ಕೆಳಗಿಳಿಸಿದೆವು.

ಕಾಲೇಜಿನಲ್ಲಿ ಎಲ್ಲರೂ ಬೆಳಕಿನ ಬಗ್ಗೆ ಮಾತಾಡಿದ್ದರು. ಇಲ್ಲಿ ಯಾರೂ ಬೆಳಕಿನ ಮಾತೆತ್ತಲಿಲ್ಲ. “ಈ ಉಳಿ ಇವರಪ್ಪಂದು”, “ಗರಿ ಹಿಡಿಯೋ ಚಿತ್ರ ಮುಂಚೆ ಬಂದ್ಬಿಟ್ಟಿದೆ, ಅದು ಅರಗು ಹಾಕಿದ ಆಮೇಲೆ” ಎನ್ನುತ್ತ ತಾವೇ ಕ್ಲಿಪ್ಪು ಬಿಚ್ಚಿ ಚಿತ್ರಗಳ ಜಾಗ ಬದಲಾಯಿಸಿದರು. ನಾನು ಚಂದ ಕಾಣುವ ಹಾಗೆ ಜೋಡಿಸಿದ್ದೆ, ಅವರು ಕೆಲಸ ನಡೆಯುವ ಹಾಗೆ ಜೋಡಿಸಿದರು. ನನ್ನ ಜೋಡಣೆಗಿಂತ ಅದು ಚೆನ್ನಾಗಿತ್ತು. ಅದರ ಒಂದು ಫೋಟೊ ತೆಗೆದಿಟ್ಟುಕೊಂಡಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ತಾಯಿ ಬಂದು, “ಇದರಲ್ಲಿ ನನ್ನ ಮಗ ಇದ್ದಾನೆ, ತಗೊಂಡ್ ಹೋಗ್ಲಾ?” ಎಂದರು. ಕೊಟ್ಟೆ. ಆಮೇಲೆ ಇನ್ನೊಬ್ಬರು ಬಂದರು. ಚಾಚಾ ಕೆಂಪು ಬುಗುರಿಯ ಚಿತ್ರವನ್ನು ತಾವೇ ಬಿಚ್ಚಿಕೊಂಡು ಹೋಗಿ ಲೇತ್ ಮೇಲಿನ ಗೋಡೆಗೆ ಮೊಳೆ ಹೊಡೆದರು. ಸಂಜೆ ರೈಲಿಗೆ ಹೊತ್ತಾಯಿತು ಎಂದು ಪ್ರದರ್ಶನ ಇಳಿಸಲು ಹೋದರೆ, ಹಗ್ಗದಲ್ಲಿ ಕ್ಲಿಪ್ಪುಗಳು ಮಾತ್ರ ಉಳಿದಿದ್ದವು.