ಹಳೆಯ ಜಾಕೆಟ್‌ಗೆ ಬೆಂಕಿ ಇಟ್ಟ ಗಾಯಕ

ತೂಗುಹಾಕಿದ ಕಪ್ಪು ಚರ್ಮದ ಜಾಕೆಟ್ಟೊಂದು ಇದ್ದಕ್ಕಿದ್ದಂತೆ ಹೊತ್ತಿಕೊಂಡು ಉರಿಯತೊಡಗುತ್ತದೆ. ಹಾಡು ಮುಂದುವರಿದು ಮತ್ತೆ ಪಲ್ಲವಿಗೆ ಬಂದಾಗ, ನಾಣ್ಯ ಹಾಕಿದರೆ ಹಾಡು ಕೇಳಿಸುವ ಪೆಟ್ಟಿಗೆಯಾದ ಜೂಕ್‌ಬಾಕ್ಸ್ ಸಿಡಿಯುತ್ತದೆ, ಗಿಟಾರ್ ಹೋಳಾಗಿ ಗಾಳಿಗೆ ಹಾರುತ್ತದೆ. ಜಾರ್ಜ್ ಮೈಕೆಲ್ ಅವರ ‘ಫ್ರೀಡಂ! ’90’ ಹಾಡಿಗೆ ಡೇವಿಡ್ ಫಿಂಚರ್ 1990ರಲ್ಲಿ ನಿರ್ದೇಶಿಸಿದ ಈ ವಿಡಿಯೊವನ್ನು ನಾನು ಎಷ್ಟೋ ವರ್ಷ ಅದರ ಬೆಳಕಿನ ಸೊಬಗಿಗಾಗಿ ಮಾತ್ರ ನೋಡುತ್ತಿದ್ದೆ. ಆ ಸ್ಫೋಟಗಳನ್ನು ಹಾಡಿನ ಬಿರುಸಿಗೆ ತಕ್ಕ ಅಲಂಕಾರವೆಂದೇ ತಿಳಿದಿದ್ದೆ. ಒಂದು ರಾತ್ರಿ 1987ರ ‘ಫೇತ್’ ವಿಡಿಯೊವನ್ನೂ ಇದನ್ನೂ ಒಂದರ ಹಿಂದೆ ಒಂದರಂತೆ, ಸದ್ದು ನಿಲ್ಲಿಸಿ ನೋಡಿದಾಗ ಮೈ ಜುಮ್ಮೆಂದಿತು. ಮೂರು ವರ್ಷಗಳ ಹಿಂದೆ ಅವರನ್ನು ಒಂಟಿ ಗಾಯಕನಾಗಿ ಜಗತ್ತಿನ ಕಣ್ಣಲ್ಲಿ ನಿಲ್ಲಿಸಿದ್ದ ಜಾಕೆಟ್, ಜೂಕ್‌ಬಾಕ್ಸ್ ಮತ್ತು ಗಿಟಾರ್‌ಗಳೇ ಇಲ್ಲಿ ಒಂದೊಂದಾಗಿ ನಾಶವಾಗುತ್ತಿದ್ದವು.

ಅಂದಿನಿಂದ ಪಾಪ್ ಗಾಯಕರು ತಮ್ಮ ಸಾರ್ವಜನಿಕ ರೂಪವನ್ನು ಬದಲಿಸಿಕೊಳ್ಳಲು ಮ್ಯೂಸಿಕ್ ವಿಡಿಯೊವನ್ನು ಹೇಗೆ ಬಳಸುತ್ತಾರೆಂಬುದನ್ನು ನಾನು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೇನೆ. ಹೊಸ ಕೇಶವಿನ್ಯಾಸ, ಹೊಸ ಉಡುಪು, ಹೊಸ ನೃತ್ಯ ಇವೆಲ್ಲ ಹಣವಿದ್ದರೆ ಯಾರಿಗಾದರೂ ದಕ್ಕುತ್ತವೆ. ಆದರೆ ನೋಡುಗರ ಮನಸ್ಸಿನಲ್ಲಿ ಬೇರೂರಿದ ಹಳೆಯ ಮುಖವನ್ನು ಅಲ್ಲಿಂದ ಎಬ್ಬಿಸದೆ ಹೊಸ ಮುಖಕ್ಕೆ ಜಾಗ ಸಿಗುವುದಿಲ್ಲ. ಆದ್ದರಿಂದ ನಾಲ್ಕು ಕಾಲ ನಿಲ್ಲುವ ವಿಡಿಯೊಗಳು ಹಳೆಯ ಮುಖವನ್ನೇ ತೆರೆಯ ಮೇಲೆ ಕರೆತಂದು, ನಮ್ಮೆಲ್ಲರ ಎದುರು ಅದರ ಲೆಕ್ಕ ಚುಕ್ತಾ ಮಾಡುತ್ತವೆ ಎಂಬುದು ನನ್ನ ನಂಬಿಕೆ.

ಜಾರ್ಜ್ ಮೈಕೆಲ್ ಅವರ ಹೆಗಲ ಮೇಲಿದ್ದ ಭಾರ ಸಣ್ಣದಾಗಿರಲಿಲ್ಲ. ‘ವ್ಯಾಮ್!’ ಜೋಡಿಯ ಹದಿಹರೆಯದ ನಗುಮುಖದಿಂದ ಹೊರಬರಲು ಅವರು ತೊಟ್ಟ ಜಾಕೆಟ್, ಕಪ್ಪು ಕನ್ನಡಕ ಮತ್ತು ಕುರುಚಲು ಗಡ್ಡ ಎಷ್ಟು ಗೆದ್ದವೆಂದರೆ, ‘ಫೇತ್’ ಆಲ್ಬಂ ವರ್ಷದ ಅತ್ಯುತ್ತಮ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯನ್ನೂ ತಂದುಕೊಟ್ಟಿತು. ಆ ಗೆಲುವೇ ಅವರಿಗೆ ಸೆರೆಮನೆಯಾಯಿತು. ಮುಂದಿನ ಆಲ್ಬಂಗೆ ತಮ್ಮ ಮುಖವನ್ನು ಮಾರಾಟಕ್ಕಿಡುವುದಿಲ್ಲವೆಂದು ಅವರು ಪಟ್ಟು ಹಿಡಿದರು. ಅದರ ಮೊದಲ ಹಾಡಿನ ವಿಡಿಯೊದಲ್ಲಿ ಕಾಣುವುದು ಹಾಡಿನ ಸಾಲುಗಳ ಅಕ್ಷರಗಳು ಮಾತ್ರ. ಅದು ಗಂಭೀರವಾದ ನಿರಾಕರಣೆ ನಿಜ, ಆದರೆ ಅಕ್ಷರಗಳಿಂದ ಜಾಕೆಟ್‌ನ ನೆನಪು ಅಳಿಯಲಾರದು. ‘ಫ್ರೀಡಂ! ’90’ ಬೇರೆ ದಾರಿ ಹಿಡಿಯಿತು. ಅದರಲ್ಲಿಯೂ ಗಾಯಕ ಎಲ್ಲಿಯೂ ಕಾಣಿಸುವುದಿಲ್ಲ. ನವೋಮಿ ಕ್ಯಾಂಪ್‌ಬೆಲ್, ಲಿಂಡಾ ಇವಾಂಜೆಲಿಸ್ಟಾ, ಕ್ರಿಸ್ಟಿ ಟರ್ಲಿಂಗ್ಟನ್, ಸಿಂಡಿ ಕ್ರಾಫರ್ಡ್ ಮತ್ತು ತಾತ್ಯಾನಾ ಪಾಟಿಟ್ಸ್ ಎಂಬ ಐವರು ರೂಪದರ್ಶಿಯರು ಅವರ ದನಿಗೆ ತುಟಿ ಆಡಿಸುತ್ತಾರೆ. ಗಂಡಸಿನ ಆ ಪರಿಚಿತ ಕಂಠ ಹೆಣ್ಣಿನ ಬಾಯಿಂದ ಹೊರಬರುವಾಗ ಒಂದು ಕ್ಷಣ ಅಚ್ಚರಿಯಾಗುತ್ತದೆ. ಆಮೇಲೆ ಕಿವಿ ದನಿಯೊಂದನ್ನೇ ಹಿಡಿಯತೊಡಗುತ್ತದೆ. ತಮ್ಮ ಹಾಡನ್ನು ಜನ ನೋಡದೆ ಕೇಳಬೇಕೆಂಬ ಹಂಬಲವನ್ನು ಅವರು ಈಡೇರಿಸಿಕೊಂಡದ್ದು ಜಗತ್ತಿನಲ್ಲೇ ಅತಿ ಹೆಚ್ಚು ನೋಡಲ್ಪಡುತ್ತಿದ್ದ ಮುಖಗಳ ಮೂಲಕ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಇದಕ್ಕೆ ಅವರು ತೆತ್ತ ಬೆಲೆಯೂ ದೊಡ್ಡದೇ. ರೆಕಾರ್ಡ್ ಕಂಪನಿಯಾದ ಸೋನಿಯೊಂದಿಗೆ ಮನಸ್ತಾಪ ಬೆಳೆದು ನ್ಯಾಯಾಲಯದ ಮೆಟ್ಟಿಲೇರಿತು. 1994ರಲ್ಲಿ ಬಂದ ತೀರ್ಪು ಅವರ ವಿರುದ್ಧವಾಗಿತ್ತು.

ಸಂದರ್ಶನದಲ್ಲಿಯೂ ಗಾಯಕ ‘ನಾನು ಬದಲಾಗಿದ್ದೇನೆ’ ಎಂದು ಹೇಳಬಹುದಲ್ಲ, ಇದಕ್ಕೆ ವಿಡಿಯೊವೇ ಏಕೆ ಬೇಕು ಎಂದು ಕೇಳಬಹುದು. ಬಾಯಿಮಾತಿನಲ್ಲಿ ಹೇಳಿದ ಬದಲಾವಣೆಯನ್ನು ಕೇಳುಗರು ಅನುಮಾನದಿಂದಲೇ ನೋಡುತ್ತಾರೆ, ಮತ್ತು ಅದನ್ನು ಒಮ್ಮೆ ಕೇಳಿ ಮರೆಯುತ್ತಾರೆ. ವಿಡಿಯೊದಲ್ಲಿ ಹಾಡು ಮೊದಲೇ ಮುದ್ರಿತವಾಗಿರುತ್ತದೆ. ಚಿತ್ರೀಕರಣದ ಜಾಗದಲ್ಲಿ ಅದನ್ನು ಜೋರಾಗಿ ಹಾಕಿ, ಗಾಯಕರು ತುಟಿ ಆಡಿಸುತ್ತಾರೆ. ನಿಧಾನಗತಿಯ ದೃಶ್ಯ ಬೇಕಾದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಅಷ್ಟೇ ಪಟ್ಟು ಹೆಚ್ಚು ಫ್ರೇಮ್‌ಗಳಲ್ಲಿ ಚಿತ್ರಿಸಿಕೊಂಡರೆ, ಮೈ ನೀರಿನೊಳಗಿದ್ದಂತೆ ತೇಲಿದರೂ ತುಟಿ ಮಾತ್ರ ಹಾಡಿಗೆ ಸರಿಹೊಂದುತ್ತದೆ. ಹೀಗೆ ಹಾಡುವ ಶ್ರಮದಿಂದ ಬಿಡುಗಡೆ ಪಡೆದ ಮುಖ ಮತ್ತು ಮೈ ಏನು ಬೇಕಾದರೂ ಆಗಬಲ್ಲವು. ನಮಗೆ ಪರಿಚಿತವಾದ ಕಂಠ ಕದಲದೆ ನಿಂತು ಈ ಅಪರಿಚಿತ ರೂಪಕ್ಕೆ ಜಾಮೀನು ಕೊಡುತ್ತದೆ. ಅದರ ಮೇಲೆ, ಹಾಡು ಹಿಡಿಸಿದರೆ ಅದೇ ದೃಶ್ಯಗಳನ್ನು ನಾವು ಹತ್ತಾರು ಸಲ ನೋಡುತ್ತೇವೆ. ಎಂಟಿವಿ 1981ರ ಆಗಸ್ಟ್‌ನಲ್ಲಿ ಆರಂಭವಾದಾಗಿನಿಂದ ನಡೆದುಬಂದ ಈ ಮರುನೋಟವನ್ನು ಯೂಟ್ಯೂಬ್ ಇನ್ನಷ್ಟು ಸುಲಭವಾಗಿಸಿದೆ.

ಹಳೆಯದನ್ನು ಎದುರಿಗೆ ನಿಲ್ಲಿಸುವ ಈ ವಿದ್ಯೆಯನ್ನು ಟೇಲರ್ ಸ್ವಿಫ್ಟ್ ತುಂಬ ಯೋಚಿಸಿ ಬಳಸಿದವರು. 2016ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಜನ ಅವರಿಗೆ ಹಾವಿನ ಚಿತ್ರಗಳನ್ನು ಕಳಿಸಿ ಹಂಗಿಸುತ್ತಿದ್ದರು. ಮರುವರ್ಷ ಬಂದ, ಜೋಸೆಫ್ ಕಾನ್ ನಿರ್ದೇಶನದ ‘ಲುಕ್ ವಾಟ್ ಯು ಮೇಡ್ ಮಿ ಡು’ ವಿಡಿಯೊದಲ್ಲಿ ಅವರು ಹಾವುಗಳ ನಡುವೆ ಸಿಂಹಾಸನವೇರಿ ಕೂರುತ್ತಾರೆ, ಹಾವೊಂದು ಅವರ ಬಟ್ಟಲಿಗೆ ಚಹಾ ಸುರಿಯುತ್ತದೆ. ಆರಂಭದಲ್ಲಿ ಸಮಾಧಿಯೊಳಗಿನಿಂದ ಎದ್ದು ಬರುವ ಹೆಣ ಉಟ್ಟಿರುವುದು ಅವರದೇ ಹಿಂದಿನ ವಿಡಿಯೊ ಒಂದರ ಉಡುಗೆ. ಕೊನೆಯಲ್ಲಂತೂ ಬೇರೆಬೇರೆ ಕಾಲದ ಟೇಲರ್‌ಗಳು ಸಾಲಾಗಿ ನಿಂತು, ಅವರ ಬಗ್ಗೆ ಜನ ಆಡುತ್ತಿದ್ದ ಟೀಕೆಗಳನ್ನೇ ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ವಿಡಿಯೊದಲ್ಲಿ ಸಂಕೇತಗಳು ಕಿಕ್ಕಿರಿದಿವೆ, ಉಸಿರಾಡಲು ಜಾಗವಿಲ್ಲವೆನಿಸುವಷ್ಟು. ಜಾರ್ಜ್ ಮೈಕೆಲ್ ಅವರ ಮೂರೇ ವಸ್ತುಗಳ ಮಿತವ್ಯಯ ನನಗೆ ಹೆಚ್ಚು ಪ್ರಿಯ. ಆದರೂ ಬೈಗುಳವನ್ನೇ ಕಿರೀಟವಾಗಿ ತೊಟ್ಟ ಆ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಬಿಯಾನ್ಸೆ ತೋರಿಸಿದ್ದು ಇದಕ್ಕಿಂತ ಮೆಲುದನಿಯ ಧೈರ್ಯ. 2013ರ ಡಿಸೆಂಬರ್‌ನಲ್ಲಿ ಮುನ್ಸೂಚನೆಯೇ ಇಲ್ಲದೆ ಅವರು 14 ಹಾಡುಗಳ ಜೊತೆಗೆ 17 ವಿಡಿಯೊಗಳನ್ನು ಬಿಡುಗಡೆ ಮಾಡಿದರು. ಅವುಗಳಲ್ಲಿ ‘ಫ್ಲಾಲೆಸ್’ ಎಂಬುದು ಅವರ ಬಾಲ್ಯದ ತಂಡ ಟಿವಿ ಸ್ಪರ್ಧೆಯೊಂದರ ವೇದಿಕೆಗೆ ಬರುವ ಹಳೆಯ ತುಣುಕಿನಿಂದ ಶುರುವಾಗುತ್ತದೆ, ಮತ್ತು ಆ ತಂಡ ಸೋತ ಘೋಷಣೆಯೊಂದಿಗೆ ಮುಗಿಯುತ್ತದೆ. ಕಳಂಕವಿಲ್ಲದ ಪರಿಪೂರ್ಣತೆಗೆ ಹೆಸರಾದ ಗಾಯಕಿ, ದೋಷವಿಲ್ಲದವಳು ಎಂಬ ಅರ್ಥದ ಹಾಡಿನ ಎರಡೂ ತುದಿಗೆ ತನ್ನ ಮೊದಲ ಸೋಲನ್ನು ಕಟ್ಟಿದ್ದಾರೆ.

ಇದೇ ಕೆಲಸ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬಿಲ್ಲಿ ಸ್ಕ್ವೈರ್ ಅವರ ಕಥೆ ಇದೆ. 1980ರ ದಶಕದ ಆರಂಭದಲ್ಲಿ ಅವರು ಗಟ್ಟಿ ಗಿಟಾರ್ ಸಂಗೀತದ ರಾಕ್ ಗಾಯಕರಾಗಿ ಅಮೆರಿಕದಲ್ಲಿ ದೊಡ್ಡ ಹೆಸರು ಮಾಡಿದ್ದರು. 1984ರ ‘ರಾಕ್ ಮಿ ಟುನೈಟ್’ ವಿಡಿಯೊದಲ್ಲಿ ಅವರು ತಿಳಿಬಣ್ಣದ ನುಣುಪು ಹೊದಿಕೆಗಳ ಹಾಸಿಗೆಯ ಸುತ್ತ, ಗುಲಾಬಿ ಬಣ್ಣದ ತೋಳಿಲ್ಲದ ಅಂಗಿ ತೊಟ್ಟು ಕುಣಿಯುತ್ತಾರೆ, ನೆಲದ ಮೇಲೆ ತೆವಳುತ್ತಾರೆ. ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೇ ಸ್ಥಾನಕ್ಕೇರಿತು, ಅವರ ಹಾಡುಗಳಲ್ಲೇ ಅತಿ ಎತ್ತರಕ್ಕೆ. ಆದರೆ ಕಛೇರಿಗಳಿಗೆ ಬರುತ್ತಿದ್ದ ಜನ ದೂರ ಸರಿದರು, ಆ ವಿಡಿಯೊವೇ ತಮ್ಮ ವೃತ್ತಿಯನ್ನು ಕೆಡಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಕಾಲದ ರಾಕ್ ಅಭಿಮಾನಿಗಳಲ್ಲಿ ಗಂಡಸುತನದ ಬಗ್ಗೆ ಇದ್ದ ಸಂಕುಚಿತ ಕಲ್ಪನೆಯ ಪಾಲು ಇದರಲ್ಲಿ ದೊಡ್ಡದು, ಮತ್ತು ಅದು ನ್ಯಾಯವಲ್ಲ. ಆದರೂ ವಿಡಿಯೊವನ್ನು ಮತ್ತೆ ಮತ್ತೆ ನೋಡಿದ ಮೇಲೆ ನನಗೆ ತೋರುವುದು ಇಷ್ಟು: ಅಲ್ಲಿ ಹಳೆಯ ಬಿಲ್ಲಿ ಸ್ಕ್ವೈರ್ ಕೊನೆಯ ಹೊತ್ತಿನಲ್ಲಿ ಗಿಟಾರ್ ಎತ್ತಿಕೊಳ್ಳುವ ತನಕ ಸುಳಿಯುವುದೇ ಇಲ್ಲ. ಯಾವ ಮನುಷ್ಯ ಯಾವುದರಿಂದ ಬಿಡಿಸಿಕೊಂಡು ಹೀಗೆ ಕುಣಿಯುತ್ತಿದ್ದಾನೆಂದು ತಿಳಿಯುವ ಒಂದು ಎಳೆಯೂ ನೋಡುಗರ ಕೈಗೆ ಸಿಗುವುದಿಲ್ಲ.

ಮಡೋನಾ ಅವರ ವಿಷಯ ಬೇರೆ, ಅವರು ನನ್ನ ವಾದಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 1985ರ ‘ಮಟೀರಿಯಲ್ ಗರ್ಲ್’ನಲ್ಲಿ ಮರ್ಲಿನ್ ಮನ್ರೋ ಅವರ ಗುಲಾಬಿ ಉಡುಗೆ, ಮರುವರ್ಷ ಗಿಡ್ಡ ಕೂದಲಿನ ಹುಡುಗಿ, 1990ರ ‘ವೋಗ್’ನಲ್ಲಿ ಕಪ್ಪು-ಬಿಳುಪಿನ ಹಳೆಯ ಹಾಲಿವುಡ್ ತಾರೆ, 1998ರ ‘ಫ್ರೋಜನ್’ನಲ್ಲಿ ಮರುಭೂಮಿಯ ಮೇಲೆ ತೇಲುವ ಕಪ್ಪು ಕೂದಲಿನ ಮಾಂತ್ರಿಕಳಂಥ ಹೆಣ್ಣು: ಒಂದು ರೂಪ ಇನ್ನೊಂದಕ್ಕೆ ವಿದಾಯ ಹೇಳುವುದೇ ಇಲ್ಲ. ಎಷ್ಟು ಬಾರಿ ಪೊರೆ ಕಳಚಿದರೆಂದರೆ, ಕಳಚುವುದೇ ಅವರ ಗುರುತಾಗಿ ಹೋಯಿತು. ಅವರನ್ನು ನೋಡಿ ಹಾಗೆಯೇ ಮಾಡಹೊರಟವರಲ್ಲಿ ಹೆಚ್ಚಿನವರಿಗೆ ಆ ಸ್ವಾತಂತ್ರ್ಯ ದಕ್ಕಲಿಲ್ಲ. ಡಿಸ್ನಿ ವಾಹಿನಿಯ ಬಾಲತಾರೆಯಾಗಿದ್ದ ಮೈಲಿ ಸೈರಸ್ 2013ರ ‘ರೆಕಿಂಗ್ ಬಾಲ್’ನಲ್ಲಿ ಆ ಗುರುತನ್ನು ಗೋಡೆಗಳ ಸಮೇತ ಒಡೆದುಹಾಕಿ, ನಾಲ್ಕೇ ವರ್ಷಗಳಲ್ಲಿ ‘ಮಾಲಿಬು’ವಿನ ಬಿಳಿ ಉಡುಪಿನಲ್ಲಿ ಕಡಲತೀರಕ್ಕೆ ಬಂದು ನಿಂತರು, ಮತ್ತು ಜನ ಇದನ್ನೂ ಅದನ್ನೂ ಅಕ್ಕಪಕ್ಕ ಇಟ್ಟೇ ನೋಡಿದರು.

ಡೇವಿಡ್ ಬೋವಿಯವರೂ ರೂಪ ಬದಲಿಸುವುದರಲ್ಲಿ ಪಳಗಿದವರೇ, ಆದರೆ ಅವರು ಹಿಂದಿರುಗಿ ನೋಡುತ್ತಿದ್ದರು. 1969ರಲ್ಲಿ ತಮಗೆ ಹೆಸರು ತಂದ ಹಾಡಿನ ಗಗನಯಾತ್ರಿಯನ್ನು ಅವರು 1980ರ ‘ಆಶಸ್ ಟು ಆಶಸ್’ನಲ್ಲಿ ಮತ್ತೆ ನೆನೆದು, ಅವನು ವ್ಯಸನಕ್ಕೆ ಬಿದ್ದವನೆಂದು ಹಾಡಿದರು. ವಿಡಿಯೊದಲ್ಲಿ ಅವರು ಬಿಳಿ ಬಣ್ಣ ಬಳಿದ ಮುಖದ ವಿದೂಷಕನಾಗಿ, ಕಪ್ಪು ಆಕಾಶದ ಕೆಳಗೆ ಕಡಲತೀರದಲ್ಲಿ ನಡೆಯುತ್ತಾರೆ. ಬೆನ್ನ ಹಿಂದೆ ಬುಲ್ಡೋಜರ್ ಒಂದು ನಿಧಾನವಾಗಿ ಬರುತ್ತಿರುತ್ತದೆ.

ಯಾವ ಹೊಸ ವೇಷವೂ ಇಲ್ಲದೆ ರೂಪ ಬದಲಾದ ಒಂದೇ ಒಂದು ಉದಾಹರಣೆ ಹೇಳೆಂದರೆ ನಾನು ಅಮೆರಿಕದ ಹಿರಿಯ ಗಾಯಕ ಜಾನಿ ಕ್ಯಾಶ್ ಅವರ ‘ಹರ್ಟ್’ ವಿಡಿಯೊವನ್ನು ಹೇಳುತ್ತೇನೆ. ‘ನೈನ್ ಇಂಚ್ ನೇಲ್ಸ್’ ತಂಡದ ಟ್ರೆಂಟ್ ರೆಜ್ನರ್ ಬರೆದ ಹಾಡದು. ನಿರ್ದೇಶಕ ಮಾರ್ಕ್ ರೊಮಾನೆಕ್ ಕ್ಯಾಶ್ ಅವರ ಮನೆಯಲ್ಲಿ ಮತ್ತು ಅವರ ಹೆಸರಿನಲ್ಲಿದ್ದ, ಮುಚ್ಚಿಹೋಗಿ ಪಾಳುಬೀಳುತ್ತಿದ್ದ ವಸ್ತುಸಂಗ್ರಹಾಲಯದಲ್ಲಿ ಇದನ್ನು ಚಿತ್ರಿಸಿದರು. ಎಪ್ಪತ್ತರ ಆ ಮುಖವನ್ನು ತೋರಿಸಿ, ಮರುಕ್ಷಣವೇ ರೈಲಿನ ಮೇಲೆ, ವೇದಿಕೆಯ ಮೇಲೆ ನಿಂತ ಯೌವನದ ಕ್ಯಾಶ್ ಅವರ ತುಣುಕುಗಳನ್ನು ತೋರಿಸುತ್ತಾರೆ. ಊಟಕ್ಕೆಂದು ತುಂಬಿದ ಮೇಜಿನ ಮೇಲೆ ನಡುಗುವ ಕೈ ದ್ರಾಕ್ಷಾರಸವನ್ನು ಸುರಿಯುತ್ತದೆ. ಮೆಟ್ಟಿಲ ಮೇಲೆ ನಿಂತ ಹೆಂಡತಿ ಜೂನ್ ಕಾರ್ಟರ್ ಕ್ಯಾಶ್ ಗಂಡನನ್ನು ನೋಡುವ ನೋಟವಿದೆಯಲ್ಲ, ಅದನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟು ಮಾಡಿಸಲಾರ. 2003ರ ಮೇ ತಿಂಗಳಲ್ಲಿ ಅವರೂ, ಸೆಪ್ಟೆಂಬರ್‌ನಲ್ಲಿ ಕ್ಯಾಶ್ ಅವರೂ ತೀರಿಕೊಂಡರು. ಅರ್ಧ ಶತಮಾನ ಕಪ್ಪು ಉಡುಪಿನ ಗಟ್ಟಿಗನಾಗಿ ಮೆರೆದವರನ್ನು, ಅವರ ಮೊಮ್ಮಕ್ಕಳ ವಯಸ್ಸಿನ ಎಷ್ಟೋ ಕೇಳುಗರು ಇಂದು ಗುರುತಿಸುವುದು ಆ ನಡುಗುವ ಕೈಯಿಂದ.

ಮತ್ತೆ ಜಾರ್ಜ್ ಮೈಕೆಲ್ ಅವರ ಮಾತಿಗೆ ಬರುತ್ತೇನೆ. 1998ರ ಏಪ್ರಿಲ್‌ನಲ್ಲಿ ಬೆವರ್ಲಿ ಹಿಲ್ಸ್‌ನ ಉದ್ಯಾನವೊಂದರ ಶೌಚಾಲಯದಲ್ಲಿ ಪೊಲೀಸರು ಅವರನ್ನು ಬಂಧಿಸಿದಾಗ, ಅವರ ಸಲಿಂಗಕಾಮದ ವಿಷಯ ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿ ಕೆಟ್ಟ ತಮಾಷೆಯಾಯಿತು. ಯಾರಾದರೂ ಅಡಗಿಕೊಳ್ಳಬಹುದಾದ ಹೊತ್ತದು. ಮುಖ ತೋರಿಸದೆ ವಿಡಿಯೊ ಮಾಡುವುದು ಹೇಗೆಂದು ಅವರಿಗೆ ಗೊತ್ತೂ ಇತ್ತು. ಅದೇ ವರ್ಷ ‘ಔಟ್‌ಸೈಡ್’ ಬಂತು. ಸಾರ್ವಜನಿಕ ಶೌಚಾಲಯವೊಂದು ಕಣ್ಣೆದುರೇ ಥಳಥಳಿಸುವ ಡಿಸ್ಕೊ ಅಂಗಳವಾಗಿ ಮಾರ್ಪಡುತ್ತದೆ, ದೀಪಗಳು ತಿರುಗತೊಡಗುತ್ತವೆ, ಮತ್ತು ಈ ಬಾರಿ ನಟ್ಟನಡುವೆ ಅವರೇ ಇದ್ದಾರೆ, ಪೊಲೀಸ್ ಸಮವಸ್ತ್ರ ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ತಮ್ಮದೇ ಬಾಯಿಂದ ಹಾಡುತ್ತ ಕುಣಿಯುತ್ತಿದ್ದಾರೆ.