ತಮ್ಮನ ಫೋನ್ ಬಂದ ರಾತ್ರಿ

12 ಮಾರ್ಚ್ 2025, ಬುಧವಾರ

ನಿದ್ದೆ ಬರುತ್ತಿಲ್ಲ. ಸಂಜೆ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಆಸ್ಪತ್ರೆ ಕೆಲಸ ಬಿಡ್ತಿದೀನಿ. ಲ್ಯಾಬಿನವರು ಮೂರು ಜನ ಸೇರಿ ಕಂಪನಿ ಶುರು ಮಾಡ್ತೀವಿ" ಅಂದ.

ನನಗೆ ಸಿಟ್ಟೇ ಬಂತು. ಅಷ್ಟು ವರ್ಷ ಓದಿ ಕ್ಯಾನ್ಸರ್ ಡಾಕ್ಟರ್ ಆದವನು, ರೋಗಿಗಳನ್ನು ಬಿಟ್ಟು ವ್ಯಾಪಾರಕ್ಕೆ ಇಳಿಯೋದಾ? ಹಾಗೇ ಕೇಳಿಬಿಟ್ಟೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಬೆಳಿಗ್ಗೆ ಒಬ್ಬರ ಹೆಂಡತಿ ಬಂದಿದ್ರು. ಮುಂದಿನ ಔಷಧಿ ಯಾವುದು ಡಾಕ್ಟ್ರೇ ಅಂದ್ರು. ಹೆಸರು ಬರ್ಕೊಳ್ಳೋಕೆ ಪೆನ್ನಿನ ಮುಚ್ಚಳ ತೆಗೆದು ಕಾಯ್ತಿದ್ರು. ಮುಂದಿನದು ಅಂತ ಒಂದು ಇಲ್ವೇ ಇಲ್ಲ ಅಕ್ಕಾ."

ಆಮೇಲೆ ಉಗುರ್ ಶಾಹಿನ್, ಓಜ್ಲೆಮ್ ತುರೆಜಿ ಬಗ್ಗೆ ಹೇಳತೊಡಗಿದ. ಕೋವಿಡ್ ಲಸಿಕೆಯವರಲ್ವಾ ಅಂದೆ. "ಅದು ಎಲ್ಲರಿಗೂ ಗೊತ್ತು. ಅದಕ್ಕೂ ಹಿಂದಿನದು ಕೇಳು" ಅಂದ.

ಇಬ್ಬರೂ ಜರ್ಮನಿಯಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರುಗಳು. ಕೊಡೋಕೆ ಇನ್ನೇನೂ ಉಳಿದಿಲ್ಲ ಅಂತ ಹೇಳಿ ಹೇಳಿ ಬೇಸತ್ತವರು. 2001ರಲ್ಲಿ ಮೈನ್ಸ್ ಊರಲ್ಲಿ ಗ್ಯಾನಿಮೆಡ್ ಕಂಪನಿ ಶುರು ಮಾಡಿದರು. ಮರುವರ್ಷ ಮದುವೆ. ಮದುವೆಯ ದಿನವೂ ಲ್ಯಾಬಿಗೆ ಹೋಗಿದ್ದರಂತೆ.

ಅವರು ಬೆನ್ನು ಹತ್ತಿದ್ದು ಕ್ಲಾಡಿನ್ 18.2 ಅನ್ನೋ ಪ್ರೋಟೀನ್. ಜಠರದ ಒಳಪದರದಲ್ಲಿ ಜೀವಕೋಶಗಳು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. ಆ ಸಂದಿಯಲ್ಲೇ ಇದು ಅಡಗಿರುತ್ತದೆ. ಕ್ಯಾನ್ಸರ್ ಬಂದಾಗ ಆ ಅಂಟು ಬಿಡುತ್ತದೆ, ಪ್ರೋಟೀನ್ ಹೊರಗೆ ಕಾಣಿಸಿಕೊಳ್ಳುತ್ತದೆ. ಅವರು ಮಾಡಿದ ಔಷಧಿ ಒಂದು ಪ್ರತಿಕಾಯ, ಅಂದರೆ ಗುರಿ ಹುಡುಕಿ ಅಂಟಿಕೊಳ್ಳೋ ಪ್ರೋಟೀನ್. ಅದು ಹೋಗಿ ಹಿಡಿಯೋದು ಅಲ್ಲೇ. ಇದನ್ನು ವಿವರಿಸುವಾಗ ಅವನ ದನಿಯೇ ಬೇರೆ ಆಗಿತ್ತು. ಚಿಕ್ಕವನಿದ್ದಾಗ ರೇಡಿಯೋ ಬಿಚ್ಚಿ ತೋರಿಸುತ್ತಿದ್ದ ದನಿ.

2016ರಲ್ಲಿ ಜಪಾನಿನ ಆಸ್ಟೆಲ್ಲಾಸ್ ಆ ಕಂಪನಿಯನ್ನು ಕೊಂಡಿತು. ಔಷಧಿಯನ್ನು ಪರೀಕ್ಷೆ ಮಾಡಿದ ಒಂದು ದೊಡ್ಡ ಟ್ರಯಲ್‌ನಲ್ಲೇ 20 ದೇಶಗಳ 565 ರೋಗಿಗಳು. ಒಂದು ವಾರ್ಡು, ಒಬ್ಬ ಡಾಕ್ಟರ್ ಮಾಡೋ ಕೆಲಸ ಅಲ್ಲ ಅದು. ವ್ಯಾಪಾರ ಅಂದಿದ್ದಕ್ಕೆ ಆಗ ನಾಚಿಕೆ ಆಯಿತು. ಜಪಾನಿನಲ್ಲಿ ಮಾರ್ಚ್ 2024ಕ್ಕೆ ಒಪ್ಪಿಗೆ, ಅಮೆರಿಕದಲ್ಲಿ ಅಕ್ಟೋಬರಿಗೆ. ಕಂಪನಿ ಶುರುವಾಗಿ 23 ವರ್ಷ.

"ಎಷ್ಟು ಉಪಯೋಗ ಆಯ್ತು?" ಅಂದೆ. ಕೀಮೋ ಜೊತೆ ಬರೀ ಪ್ಲಾಸಿಬೋ, ಅಂದರೆ ಔಷಧಿಯೇ ಇಲ್ಲದ ಹುಸಿ ಮದ್ದು, ತಗೊಂಡವರಲ್ಲಿ ಅರ್ಧದಷ್ಟು ಜನ 15.5 ತಿಂಗಳು ದಾಟಿ ಬದುಕಿದ್ದರಂತೆ. ಈ ಔಷಧಿ ಸೇರಿಸಿದಾಗ 18.2 ತಿಂಗಳು.

ಇಷ್ಟೇನಾ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ಆ ಪೆನ್ನು ನೆನಪಾಗಿ ನುಂಗಿಕೊಂಡೆ. ಸುಮಾರು ಮೂರು ತಿಂಗಳು ಅಂದರೆ ಮನೆಯಲ್ಲಿ ಒಂದು ಹಬ್ಬ, ಮಗಳ ಒಂದು ಪರೀಕ್ಷೆ.

ಅಮ್ಮನಿಗೆ ಇನ್ನೂ ಹೇಳಿಲ್ಲವಂತೆ. ನಾನೇ ಹೇಳಬೇಕಂತೆ! ಡಾಕ್ಟರ್ ಮಗ ಅಂತ ಎಲ್ಲರೆದುರು ಹೇಳಿಕೊಂಡು ಓಡಾಡುವವಳಿಗೆ ಏನಂತ ಹೇಳಲಿ?

ಅವನಿಗೀಗ 36. ಅದಕ್ಕೆ 23 ಕೂಡಿಸಿ ನೋಡಿದೆ. ಶಾಹಿನ್ ಕಂಪನಿ ಮಾಡಿದ ಮೇಲೂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರಲ್ಲ. ಇವನೂ ವಾರಕ್ಕೊಂದು ದಿನವಾದರೂ ಓಪಿಡಿಗೆ ಹೋಗುತ್ತಾನಾ, ಬೆಳಿಗ್ಗೆ ಕೇಳಬೇಕು. ಆ ಹೆಂಗಸಿಗೆ ಕೊನೆಗೆ ಏನು ಹೇಳಿದ ಅಂತಲೂ...