ರಸ್ಕ್ ಎಷ್ಟು ತಿನ್ನಬಹುದು? ಪ್ಯಾಕೆಟ್ ಹಿಂದೆಯೇ ಇದೆ ಉತ್ತರ

ವಿರಾಜಪೇಟೆಯ ಒಂದು ಆಸ್ಪತ್ರೆಯಲ್ಲಿ ನಾನು ಡಯಟಿಷಿಯನ್. ಸಕ್ಕರೆ ಕಾಯಿಲೆಯವರು ಬಂದು ಕೂತರೆ ಮೊದಲು ಕೇಳುವುದು ಅನ್ನ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಅಕ್ಕಿ ರೊಟ್ಟಿಯ ಬಗ್ಗೆ. ಅವುಗಳ ವಿಷಯದಲ್ಲಿ ಮನೆಯವರೂ ಹುಷಾರಾಗಿರುತ್ತಾರೆ. ಲೆಕ್ಕ ತಪ್ಪುವುದು ಕಾಫಿ ಹೊತ್ತಿನಲ್ಲಿ. ಹತ್ತು ಗಂಟೆಗೆ ಎರಡು ರಸ್ಕ್, ಸಂಜೆ ಒಂದು ಹಿಡಿ ಬಾಳೆಕಾಯಿ ಚಿಪ್ಸ್. ಇದನ್ನು ಯಾರೂ ಊಟ ಅಂತ ಎಣಿಸುವುದಿಲ್ಲ.

"ಬೇಕರಿ ತಿಂಡಿ ಪೂರ್ತಿ ಬಿಟ್ಟುಬಿಡಿ" ಎಂದು ಹೇಳಿ ಕಳಿಸುವುದು ಸುಲಭ. ಆದರೆ ಇಲ್ಲಿ ಆ ಮಾತು ಎಲ್ಲರಿಗೂ ಒಪ್ಪುವುದಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದಲ್ಲಿ ಬೆಳಿಗ್ಗೆಯಿಂದ ನಿಂತೇ ಕೆಲಸ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡವರು ನಡುವೆ ಏನೂ ತಿನ್ನದೆ ಹಣ್ಣು ಕೊಯ್ದು ಮೂಟೆ ಹೊತ್ತರೆ ಸಕ್ಕರೆ ಇಳಿದು ತಲೆಸುತ್ತು ಬರಬಹುದು. ಅಂಥವರಿಗೆ ತಿಂಡಿ ಬೇಕು. ಎಷ್ಟು ಅನ್ನುವುದೇ ಪ್ರಶ್ನೆ. ಅದಕ್ಕೇ ನಾನು ಎಲ್ಲರಿಗೂ ಪ್ಯಾಕೆಟ್ ತರಲು ಹೇಳುತ್ತೇನೆ. ಖಾಲಿ ಕವರ್ ಆದರೂ ಸಾಕು.

ಲೇಬಲ್ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಓದಲು ಬಾರದವರಿಗೆ ಕಾರ್ಬೋಹೈಡ್ರೇಟ್ ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿ ಕೊಡುತ್ತೇನೆ. ಅಂಕಿ ಗೊತ್ತಿದ್ದರೆ ಮುಂದಿನದು ಕಷ್ಟವಿಲ್ಲ.

ಎಲ್ಲರ ಕಣ್ಣು ಹೋಗುವುದು ಮಾತ್ರ ಅದರ ಕೆಳಗಿನ ಸಕ್ಕರೆಯ ಸಾಲಿಗೆ. "ಮಗ ಬೆಂಗಳೂರಿನಿಂದ ತಂದುಕೊಟ್ಟ ಮೇಡಂ, ಇದರಲ್ಲಿ ಶುಗರ್ ಇಲ್ವಂತೆ" ಎಂದು ಒಬ್ಬ ಅಜ್ಜಿ ಬಿಸ್ಕೆಟ್ ಪ್ಯಾಕೆಟ್ ತೋರಿಸಿದರು. "ಅಜ್ಜಿ, ಶುಗರ್ ಇಲ್ಲ ನಿಜ. ಆದರೆ ಹಿಟ್ಟು ಇದೆಯಲ್ಲ" ಎಂದೆ. ಮೈದಾ ಆಗಲಿ, ಗೋಧಿ ಆಗಲಿ, ಅದರ ಪಿಷ್ಟ ಹೊಟ್ಟೆಯಲ್ಲಿ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುವುದು. ಹಾಗಾಗಿ ಒಟ್ಟು ಕಾರ್ಬೋಹೈಡ್ರೇಟ್ ನೋಡಬೇಕು. ಸಕ್ಕರೆಯ ಅಂಕಿ ಅದರೊಳಗೇ ಸೇರಿರುತ್ತದೆ, ಮತ್ತೆ ಕೂಡಿಸಬಾರದು.

ಇನ್ನೊಂದು ತೊಡಕು 100 ಗ್ರಾಂ ಲೆಕ್ಕ. ನಮ್ಮ ದೇಶದ ಲೇಬಲ್‌ಗಳಲ್ಲಿ ಅಂಕಿಗಳು ಸಾಮಾನ್ಯವಾಗಿ 100 ಗ್ರಾಂಗೆ ಇರುತ್ತವೆ. ಪಕ್ಕದಲ್ಲಿ ಒಂದು ಸರ್ವಿಂಗ್‌ಗೆ ಎಷ್ಟು ಅಂತ ಬರೆದಿದ್ದರೂ, ಆ ಸರ್ವಿಂಗ್ ಕಂಪನಿ ಇಟ್ಟುಕೊಂಡ ಅಳತೆ. ನಾವು ತಿನ್ನುವುದು ಅಷ್ಟೇ ಇರಬೇಕೆಂದೇನಿಲ್ಲ. ಇಲ್ಲಿ ಹಲವರು ಕೈಬಿಡುತ್ತಾರೆ, ಮನೆಯಲ್ಲಿ ಗ್ರಾಂ ತೂಗುವ ತಕ್ಕಡಿ ಇಲ್ಲ ಅಂತ. ತಕ್ಕಡಿ ಬೇಕಿಲ್ಲ. ಪ್ಯಾಕೆಟ್ ಮೇಲೆ ನಿವ್ವಳ ತೂಕ ಇರುತ್ತದೆ, ಒಳಗಿನದ್ದನ್ನು ಎಣಿಸಬಹುದು.

200 ಗ್ರಾಂ ಪ್ಯಾಕೆಟ್‌ನಲ್ಲಿ 16 ರಸ್ಕ್ ಇದೆ ಎಂದುಕೊಳ್ಳಿ. ಒಂದು ರಸ್ಕ್ 12.5 ಗ್ರಾಂ ಆಯ್ತು. ಲೇಬಲ್‌ನಲ್ಲಿ 100 ಗ್ರಾಂಗೆ 75 ಗ್ರಾಂ ಕಾರ್ಬೋಹೈಡ್ರೇಟ್ ಅಂತಿದ್ದರೆ ಒಂದು ರಸ್ಕ್‌ಗೆ ಸುಮಾರು 9 ಗ್ರಾಂ. ಎರಡಕ್ಕೆ ಹತ್ತಿರ ಹತ್ತಿರ 19. ಜೊತೆಗೆ ಕಾಫಿ. 100 ಮಿಲಿ ಹಾಲಿಗೆ ಸುಮಾರು 5 ಗ್ರಾಂ, 10 ಗ್ರಾಂ ಬೆಲ್ಲಕ್ಕೆ ಇನ್ನೊಂದು 9. ಬೆಲ್ಲದ ಕಾಫಿ ನಮ್ಮ ಮನೆಗಳ ರೂಢಿ, ಆದರೆ ಈ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಜೇನುತುಪ್ಪಕ್ಕೂ ಇದೇ ಮಾತು. ಒಟ್ಟು ಸುಮಾರು 33 ಗ್ರಾಂ ಆಯ್ತು. ನಡುಹೊತ್ತಿನ ತಿಂಡಿಗೆ ನಾನು ಹೆಚ್ಚಿನವರಿಗೆ ಬರೆದುಕೊಡುವುದು 15ರಿಂದ 20 ಗ್ರಾಂ. ಬೆಲ್ಲ ಬಿಟ್ಟು ಒಂದು ರಸ್ಕ್ ತಿಂದರೆ 14 ಆಗುತ್ತದೆ. ಆಮೇಲೂ ಹಸಿವಾದರೆ ಒಂದು ಹಿಡಿ ಹುರಿದ ಕಡಲೆಕಾಯಿ. 30 ಗ್ರಾಂ ತಿಂದರೂ ಅದರಲ್ಲಿ ಸುಮಾರು 5 ಗ್ರಾಂ ಕಾರ್ಬೋಹೈಡ್ರೇಟ್ ಅಷ್ಟೇ.

ಈ ಲೆಕ್ಕವನ್ನು ದಿನಾ ಮಾಡಬೇಕಿಲ್ಲ. ಪ್ಯಾಕೆಟ್ ಒಡೆದ ದಿನ ಒಮ್ಮೆ ಮಾಡಿ, ರಸ್ಕ್ ಹಾಕಿಡುವ ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ "ಒಂದಕ್ಕೆ 9" ಅಂತ ಬರೆಯಿರಿ. ಕಂಪನಿ ಬದಲಾದರೆ ಅಂಕಿ ಅಳಿಸಿ ಹೊಸದು ಬರೆಯಿರಿ. ನಾನು ಕೊಟ್ಟ ಚೀಟಿಗಳು ಎಲ್ಲೋ ಸೇರಿಹೋಗುತ್ತವೆ. ಡಬ್ಬಿ ಮಾತ್ರ ದಿನಾ ಕೈಗೆ ಬರುತ್ತದೆ, ಮನೆಯ ಮಕ್ಕಳೂ ಓದಿ ಹೇಳುತ್ತಾರೆ. ಇಷ್ಟು ವರ್ಷದ ಕೆಲಸದಲ್ಲಿ ಇದಕ್ಕಿಂತ ಚೆನ್ನಾಗಿ ನಿಂತ ಸಲಹೆ ಇನ್ನೊಂದಿಲ್ಲ.

ಒಂದು ಎಚ್ಚರಿಕೆ. ಸಕ್ಕರೆ 70ಕ್ಕಿಂತ ಕೆಳಗಿಳಿದು ಕೈ ನಡುಗಿದರೆ, ಬೆವರಿದರೆ, ಆಗ ಬಿಸ್ಕೆಟ್ ಹುಡುಕಬೇಡಿ. ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ಏರುತ್ತದೆ. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಅದು ಸುಮಾರು 15 ಗ್ರಾಂ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಕೊಯ್ಲಿಗೆ ಹೋಗುವವರು ಸಕ್ಕರೆಯ ಪೊಟ್ಟಣ ಸೊಂಟದಲ್ಲೇ ಇಟ್ಟುಕೊಳ್ಳಬೇಕು, ಕೆಲಸಗಾರರ ಲೈನ್ ಮನೆಯಲ್ಲಿ ಬಿಟ್ಟು ಬಂದರೆ ಏನೂ ಉಪಯೋಗವಿಲ್ಲ. ಹೀಗೆ ಮತ್ತೆ ಮತ್ತೆ ಆಗುತ್ತಿದ್ದರೆ ಡೋಸ್ ಬದಲಿಸಬೇಕಾದವರು ಡಾಕ್ಟರ್. ಸುಮ್ನೆ ನೀವೇ ಮಾತ್ರೆ ನಿಲ್ಲಿಸಬೇಡಿ.

ಇನ್ನು ಲೇಬಲ್ ಇಲ್ಲದ ತಿಂಡಿ. ಗೋಣಿಕೊಪ್ಪದ ಸಂತೆಯಲ್ಲೋ ಬೇಕರಿಯಲ್ಲೋ ಚಿಪ್ಸ್ ತೂಗಿ ಕೊಡುತ್ತಾರೆ ಅಲ್ವಾ? ಅಂಥದ್ದೇ ಚಿಪ್ಸ್‌ನ ಕಂಪನಿ ಪ್ಯಾಕೆಟ್ ಒಂದನ್ನು ತಿರುಗಿಸಿ ನೋಡಿ. 100 ಗ್ರಾಂಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ 25 ಗ್ರಾಂಗೆ 15. ಕೊಬ್ಬೂ ಜಾಸ್ತಿ ಇರುತ್ತದೆ, ಅದನ್ನೂ ಓದಿ. ಆಮೇಲೆ ಅಂಗಡಿಯವರಿಗೆ ಒಂದು ಸಲ 25 ಗ್ರಾಂ ಬೇರೆ ತೂಗಿ ತೋರಿಸಲು ಹೇಳಿ. ಅದನ್ನು ಮನೆಯ ಒಂದು ಬಟ್ಟಲಿಗೆ ಹಾಕಿ ಎಲ್ಲಿವರೆಗೆ ಬರುತ್ತದೆ ನೋಡಿಕೊಳ್ಳಿ. ನಿಮ್ಮ ಅಳತೆ ಅದೇ. ಕವರ್‌ನಿಂದ ನೇರವಾಗಿ ತಿನ್ನಬೇಡಿ.